ರಿಟರ್ನಿನಲ್ಲಿ ಮಾತ್ರ ಇದ್ದ ತಂಗಿ

ಒಂದೂರು. ಯಾವೂರು ಅಂತ ಕೇಳಬೇಡಿ. ಹೇಳಿದರೆ ನೀವು ಕಥೆ ಬಿಟ್ಟು ಅವನ್ಯಾರು, ಯಾರ ಪೈಕಿ ಅಂತ ಹುಡುಕಲು ಶುರುಮಾಡುತ್ತೀರಿ. ಆ ಊರಿನ ಪೇಟೆಯಲ್ಲಿ ಒಬ್ಬ ಸಾಹುಕಾರನಿದ್ದ. ಕರೆಯಲಿಕ್ಕೆ ಒಂದು ಹೆಸರು ಬೇಕಲ್ಲ, ಶಿವಯೋಗೆಪ್ಪ ಅಂತ ಇಟ್ಟುಕೊಳ್ಳೋಣ. ಈ ಹೆಸರಿನವರು ಇಲ್ಲಿ ಯಾರಾದರೂ ಕೂತಿದ್ದರೆ ಸಿಟ್ಟಾಗಬೇಡಿ, ಅವನು ನೀವಲ್ಲ. ನೀವೇ ಆಗಿದ್ದರೂ ನಾನು ಹೇಳುವುದಿಲ್ಲ.

ಅವನದು ಪಾತ್ರೆಗಳ ಅಂಗಡಿ. ನಮ್ಮ ಕಡೆಯ ಪದ್ಧತಿ ನಿಮಗೆ ಗೊತ್ತೇ ಇದೆ. ಮದುವೆಗೆ ಒಂದು ಚೆಂಬು ಕೊಟ್ಟರೂ ಅದರ ಮೇಲೆ ಹೆಸರು ಬೇಕು. ಇಂಥವರಿಂದ ಇಂಥವರಿಗೆ ಅಂತ ಕೆತ್ತಿಸದಿದ್ದರೆ ಕೊಟ್ಟ ಸಮಾಧಾನವೇ ಇಲ್ಲ ನಮಗೆ. ಶಿವಯೋಗೆಪ್ಪನ ಅಂಗಡಿಯ ಮೂಲೆಯಲ್ಲಿ ಕೆತ್ತುವವನೊಬ್ಬ ಬೆಳಗಿನಿಂದ ಸಂಜೆಯವರೆಗೆ ಗರ್ರ್ ಅಂತ ಯಂತ್ರ ಹಿಡಿದು ಕೂತಿರುತ್ತಿದ್ದ. ಊರಿನ ಅರ್ಧ ಜನರ ದಾನಧರ್ಮವೆಲ್ಲ ಅವನ ಕೈಯಿಂದಲೇ ಹಾದುಹೋಗಿದೆ ಅನ್ನಿ.

ಶಿವಯೋಗೆಪ್ಪನಿಗೆ ಒಬ್ಬಳೇ ತಂಗಿ, ನೀಲವ್ವ. ಚಿಕ್ಕಂದಿನಲ್ಲಿ ಪೋಲಿಯೋ ಬಂದು ಎರಡೂ ಕಾಲು ಸೋತಿದ್ದವು. ಅವ್ವ ಇರುವ ತನಕ ಅವ್ವನ ಜೊತೆ ಹಳೇ ಮನೆಯಲ್ಲಿದ್ದಳು. ಅವ್ವ ಹೋದ ಮೇಲೆ ಅಣ್ಣ ಆ ಮನೆ ಕೆಡವಿ, ಕೆಳಗೆ ಅಂಗಡಿ, ಮೇಲೆ ಮನೆ ಕಟ್ಟಿಸಿದ. ಇಪ್ಪತ್ತೆರಡು ಮೆಟ್ಟಿಲು. ನೋಡಿ, ಲೆಕ್ಕ ಇಟ್ಟುಕೊಳ್ಳಿ, ಇಪ್ಪತ್ತೆರಡು. ಕಟ್ಟಿಸುವಾಗ ತಂಗಿಯ ಕಾಲು ಅವನಿಗೆ ನೆನಪಾಗಲಿಲ್ಲವೋ, ನೆನಪಾಗಿಯೇ ಕಟ್ಟಿಸಿದನೋ, ಅದನ್ನು ಅವನು ತನ್ನನ್ನು ತಾನು ಕೇಳಿಕೊಳ್ಳಲೇ ಇಲ್ಲ. ಮೇಲೆ ಏರುವುದು ತನ್ನಿಂದ ಆಗುವುದಿಲ್ಲ ಅಂತ ಅವಳು ಅಂದಳು. ಅವಳೇ ಬೇಡ ಅಂದಳು ಅಂತ ಇವನು ಊರಿಗೆಲ್ಲ ಹೇಳಿದ. ನೀಲವ್ವ ಊರ ಆಚೆ ತುದಿಯಲ್ಲಿ ಬಾಡಿಗೆಗೆ ಒಂದು ಖೋಲಿ ಹಿಡಿದಳು. ಕೂತಲ್ಲೇ ಜೋಳದ ರೊಟ್ಟಿ ಬಡಿದು ಖಾನಾವಳಿಗಳಿಗೆ ಕೊಟ್ಟು ಹೊಟ್ಟೆ ಹೊರೆದಳು. ಆಟೋದಲ್ಲಿ ಹೋದರೆ ಹತ್ತು ನಿಮಿಷದ ದಾರಿ. ಒಂಬತ್ತು ವರ್ಷದಲ್ಲಿ ಅಣ್ಣ ಅಲ್ಲಿಗೆ ಹೋದದ್ದು ಎರಡೇ ಸಲ.

ಈಗ ಆದಾಯ ತೆರಿಗೆಗೆ ಬರುತ್ತೇನೆ. ಯಾಕೆ ನಗುತ್ತೀರಿ? ಶ್ರಾವಣದ ಪ್ರವಚನದಲ್ಲಿ ಇದೆಲ್ಲಿಂದ ಬಂತು ಅಂತಲೇ? ದೇವರ ಮುಂದೆ ಸುಳ್ಳು ಹೇಳಲು ನಿಮಗೆ ಹೆದರಿಕೆಯಿಲ್ಲ, ಆ ಇಲಾಖೆಯ ಮುಂದೆಯಾದರೂ ಸ್ವಲ್ಪ ಇದೆ. ಅದಕ್ಕೇ ಅಲ್ಲಿಂದ ಹಿಡಿದೆ.

ಪ್ರತಿ ಜುಲೈಯಲ್ಲಿ ಶಿವಯೋಗೆಪ್ಪ ಫೈಲು ಕಂಕುಳಲ್ಲಿಟ್ಟುಕೊಂಡು ರಿಟರ್ನ್ ತುಂಬಿಸಲು ಹೋಗುತ್ತಿದ್ದ. ಅವ್ವ ಸತ್ತ ವರ್ಷ ತೆರಿಗೆ ಸಲಹೆಗಾರ ಒಂದು ಮಾತು ಕೇಳಿದ. ಅಂಗವಿಕಲರು ಯಾರಾದರೂ ನಿಮ್ಮ ಆಶ್ರಯದಲ್ಲಿದ್ದಾರೆಯೇ, ಇದ್ದರೆ ರಿಯಾಯಿತಿ ಉಂಟು.  ತಂಗಿ ಇದ್ದಾಳೆ ಅಂದ ಶಿವಯೋಗೆಪ್ಪ. ನೀವೇ ನೋಡಿಕೊಳ್ಳುತ್ತೀರಾ ಅಂತ ಸಲಹೆಗಾರ ಮತ್ತೆ ಕೇಳಿದ.

"ಮತ್ತ ಬ್ಯಾರೆ ಯಾರು ನೋಡ್ತಾರ್ರಿ?" ಅಂದ ಶಿವಯೋಗೆಪ್ಪ.

ಉತ್ತರ ಹೇಗಿದೆ ನೋಡಿ. ಹೌದು ಅನ್ನಲಿಲ್ಲ, ಇಲ್ಲ ಅನ್ನಲಿಲ್ಲ. ನೀವು ಚಾಪೆಯ ಕೆಳಗೆ ತೂರಿದರೆ ಅವನು ರಂಗೋಲಿಯ ಕೆಳಗೆ ತೂರುವವ. ಸಲಹೆಗಾರ ಬರೆದುಕೊಂಡ. ಕೊನೆಗೆ, ಮೇಲೆ ಬರೆದದ್ದೆಲ್ಲ ನಾನು ತಿಳಿದಂತೆ ಸತ್ಯ ಅಂತ ಒಂದು ಸಾಲು ಇರುತ್ತದಲ್ಲ, ಅದನ್ನು ಒಪ್ಪಿ ಸಹಿ ಬಿತ್ತು. ಮರುವರ್ಷವೂ ತಂಗಿಯ ಹೆಸರಿನ ಸಾಲು. ಅದರ ಮರುವರ್ಷವೂ ಅದೇ. ತಂಗಿ ಇವನ ಮನೆಯಲ್ಲಿರಲಿಲ್ಲ, ಮಾತಿನಲ್ಲಿರಲಿಲ್ಲ, ಹಬ್ಬದಲ್ಲಿರಲಿಲ್ಲ. ರಿಟರ್ನಿನಲ್ಲಿ ಮಾತ್ರ ತಪ್ಪದೆ ಇರುತ್ತಿದ್ದಳು.

ಇಷ್ಟೇ ಆಗಿದ್ದರೆ ಸರಕಾರಕ್ಕೂ ಅವನಿಗೂ ಇದ್ದ ಜಗಳ ಅಂತ ಬಿಡಬಹುದಿತ್ತು. ಆ ರಿಯಾಯಿತಿಗೆ ಅವಳ ಅಂಗವಿಕಲತೆಯ ಸರ್ಟಿಫಿಕೇಟು ಬೇಕಿತ್ತು. ಅವ್ವ ಅದನ್ನು ಆಸ್ಪತ್ರೆಗೆ ಅಲೆದು ಮಾಡಿಸಿ, ಮೇಣದ ಬಟ್ಟೆಯಲ್ಲಿ ಸುತ್ತಿ ಮಗಳ ಕೈಗೆ ಕೊಟ್ಟು ಸತ್ತಿದ್ದಳು. ವಾರದೊಳಗೆ ಕೊಡುತ್ತೇನೆ ಅಂತ ಅಣ್ಣ ಅದನ್ನು ಇಸಿದುಕೊಂಡು ಹೋದ. ಫೈಲಿಗೆ ಸೇರಿದ ಕಾಗದ ಮತ್ತೆ ಹೊರಗೆ ಬರಲಿಲ್ಲ. ಮಾಸಾಶನಕ್ಕೆ ಅರ್ಜಿ ಹಾಕಲು ಅದೇ ಕಾಗದ ಬೇಕು ಅಂತ ನೀಲವ್ವ ಎರಡು ಸಲ ಹೇಳಿ ಕಳಿಸಿದಳು. ಸಲಹೆಗಾರರ ಹತ್ತಿರ ಇದೆ ಅಂತ ಎರಡು ಸಲವೂ ಇವನು ಹೇಳಿ ಕಳಿಸಿದ. ಮೂರನೆಯ ಸಲ ಅವಳು ಕೇಳಲಿಲ್ಲ. ಇನ್ನೊಂದು ಪ್ರತಿ ತೆಗೆಸಬಹುದಿತ್ತಲ್ಲ ಅಂತೀರಿ. ಸರಕಾರಿ ಆಫೀಸಿನ ಮೆಟ್ಟಿಲು ನೀವು ಕಾಲಿದ್ದು ಹತ್ತಿದ್ದೀರಿ. ಕೈ ಊರಿ ಹತ್ತಿ ನೋಡಿ, ಆಮೇಲೆ ಮಾತಾಡೋಣ.

ಹತ್ತನೆಯ ವರ್ಷ ಸಲಹೆಗಾರ ಹೊಸ ಸುದ್ದಿ ಹೇಳಿದ. ಹಳೇ ಸರ್ಟಿಫಿಕೇಟು ಇನ್ನು ನಡೆಯುವುದಿಲ್ಲ, ಕಂಪ್ಯೂಟರು ಹೊಸ ಗುರುತಿನ ಚೀಟಿಯ ನಂಬರು ಕೇಳುತ್ತದೆ, ತಂಗಿಯನ್ನೇ ಆಸ್ಪತ್ರೆಗೆ ಕರೆತನ್ನಿ ಅಂದ. ಕೊನೆಯ ದಿನಕ್ಕೆ ಒಂದೇ ವಾರವಿತ್ತು. ಶಿವಯೋಗೆಪ್ಪ ಒಂದು ಡಜನ್ ಬಾಳೆಹಣ್ಣು ಹಿಡಿದು ಆಟೋ ಹತ್ತಿದ. ತಂಗಿಯ ಮನೆಗೆ ಅವನು ಹೊರಟದ್ದು ತಂಗಿಗಾಗಿ ಅಲ್ಲ, ಒಂದು ನಂಬರಿಗಾಗಿ.

ನೀಲವ್ವ ಒಲೆಯ ಮುಂದಿದ್ದಳು. ಅಣ್ಣನನ್ನು ಕಂಡು ಹಿಟ್ಟಿನ ಕೈ ಸೀರೆಗೆ ಒರೆಸಿಕೊಂಡು ಚಾಪೆ ಜರುಗಿಸಿದಳು. ಅವಳ ಕೂದಲು ಅಷ್ಟು ಬೆಳ್ಳಗಾದದ್ದು ಅವನಿಗೆ ಗೊತ್ತಿರಲಿಲ್ಲ. ಅಷ್ಟರಲ್ಲಿ ನೆರೆಮನೆಯ ಹೆಂಗಸು ನೀರು ತಂದು ಕೊಟ್ಟು, ಇವರೇ ಅಣ್ಣ ಅಂತ ತಿಳಿದು, ಬಾಯಿತುಂಬ ಹೊಗಳಿದಳು.

"ನಮ್ಮ ಓಣ್ಯಾಗ ಪಂಚಮಿಗೆ ತವರಿನ ಉಡುಗೊರಿ ಒಂದು ವರ್ಷನೂ ತಪ್ಪದವರು ಅಂದ್ರ ಇಕಿ ಒಬ್ಬಾಕಿ ನೋಡ್ರಿ ಅಣ್ಣಾರ. ಇಂಥಾ ಅಣ್ಣ ಎಲ್ಲಾರಿಗೂ ಸಿಗೂದಿಲ್ಲ."

ಅವಳು ಕೈ ತೋರಿಸಿದ ಕಡೆ ಶಿವಯೋಗೆಪ್ಪ ನೋಡಿದ. ಗೋಡೆಯ ಹಲಗೆಯ ಮೇಲೆ ಪಾತ್ರೆಗಳು ಸಾಲಾಗಿ ಕೂತಿದ್ದವು. ಒಂದು ಚೆಂಬು, ಒಂದು ತಾಟು, ಒಂದು ಡಬ್ಬಿ, ಒಂದು ಬೋಗುಣಿ, ಹೀಗೆ ಒಂಬತ್ತು. ಎದ್ದು ಹೋಗಿ ಒಂದನ್ನು ತೆಗೆದು ತಿರುಗಿಸಿದ. ನಾಗರ ಪಂಚಮಿಗೆ ತಂಗಿ ನೀಲವ್ವನಿಗೆ ಅಣ್ಣ ಶಿವಯೋಗೆಪ್ಪನಿಂದ. ಕೆಳಗೆ ವರ್ಷ. ಇನ್ನೊಂದನ್ನು ತೆಗೆದ, ಅದೇ ಬರಹ, ಮರುವರ್ಷದ್ದು. ಅಕ್ಷರ ಅವನದೇ ಅಂಗಡಿಯ ಯಂತ್ರದ್ದು. ಅವನು ಒಂದನ್ನೂ ಕೊಟ್ಟಿರಲಿಲ್ಲ.

ನೆರೆಮನೆಯವಳು ಹೋದಳು. ಆಮೇಲೆ ಅವನು ಇದೇನು ಅಂತ ಕೇಳಿದ. ನೀಲವ್ವ ತಲೆ ತಗ್ಗಿಸಿದಳು. ನೋಡಿ ವಿಚಿತ್ರ, ತಪ್ಪು ಮಾಡಿದವನು ಕೇಳುತ್ತಿದ್ದಾನೆ, ಮಾಡದವಳು ತಲೆ ತಗ್ಗಿಸುತ್ತಿದ್ದಾಳೆ.

"ಓಣ್ಯಾನ ಮಂದಿ ಕೇಳ್ತಿದ್ರು ಅಣ್ಣಾ, ಪಂಚಮಿಗೆ ತವರವರು ಏನು ಕೊಟ್ರು ಅಂತ. ನಿನ್ನ ಹೆಸರು ಯಾಕ ಕೆಡಿಸ್ಲಿ? ವರ್ಷಕ್ಕೊಮ್ಮೆ ಆಟೋ ಮಾಡ್ಕೊಂಡು ನಿನ್ನ ಅಂಗಡಿ ಮುಂದ ಬರ್ತಿದ್ನಿ. ಆಟೋದವನ ಕೈಯಾಗ ರೊಕ್ಕ ಕೊಟ್ಟು ಕಳಸ್ತಿದ್ನಿ, ನಿನಗ ಹೇಳಬ್ಯಾಡ ಅಂತ ಕೆತ್ತಾವಗೂ ಹೇಳಿಸಿದ್ನಿ. ಅಂವ ಕೆತ್ತಿಸ್ಕೊಂಡು ಬರೂತನಕ ಆಟೋದಾಗ ಕುಂತು ನಿನ್ನ ನೋಡ್ತಿದ್ನಿ. ನೀ ಗಲ್ಲಾದಾಗ ಕುಂತಿರ್ತಿದ್ದಿ."

ಶಿವಯೋಗೆಪ್ಪನ ಕೈಯಲ್ಲಿ ಚೆಂಬು ಹಾಗೇ ಇತ್ತು. ರೊಟ್ಟಿಯ ದುಡ್ಡಿನಲ್ಲಿ ಕೊಂಡ ಚೆಂಬು. ಆ ದುಡ್ಡನ್ನು ಅವನೇ ಎಣಿಸಿ ಗಲ್ಲಾಪೆಟ್ಟಿಗೆಗೆ ಹಾಕಿದ್ದ. ಅವಳ ಮಾಸಾಶನದ ಕಾಗದ ಅದೇ ಅಂಗಡಿಯ ತಿಜೋರಿಯಲ್ಲಿತ್ತು.  ಬಂದ ಕೆಲಸ ಹೇಳಲು ನಾಲಿಗೆ ಏಳಲಿಲ್ಲ. ಆದರೂ, ಕೇಳಿಸಿಕೊಳ್ಳಿ, ಆದರೂ ಹೇಳಿದ. ರಿಟರ್ನ್, ರಿಯಾಯಿತಿ, ಒಂಬತ್ತು ವರ್ಷ ಬರೆದದ್ದು, ಎಲ್ಲ ತಡವರಿಸುತ್ತ ಹೇಳಿದ. ಬೈಯುತ್ತಾಳೆ ಅಂದುಕೊಂಡಿದ್ದ. ಬೈದಿದ್ದರೆ ಬದುಕಿಕೊಳ್ಳುತ್ತಿದ್ದ.

"ಬರ್ತೀನಿ ತಗೋ," ಅಂದಳು ನೀಲವ್ವ. "ಯಾರು ನೋಡ್ಕೋತಾರ ಅಂತ ಡಾಕ್ಟರು ಕೇಳಿದ್ರ ನಮ್ಮಣ್ಣ ಅಂತೀನಿ. ನೀ ಬರದದ್ದನ್ನ ನಾ ಸುಳ್ಳು ಮಾಡ್ಲೇನು?"

ಅವನು ಅವಳನ್ನು ಆಸ್ಪತ್ರೆಗೆ ಕರೆದೊಯ್ದ, ಹೌದು. ಆದರೆ ಅಲ್ಲಿ ಸಿಕ್ಕ ಹೊಸ ಚೀಟಿ ಹೋದದ್ದು ಮಾಸಾಶನದ ಅರ್ಜಿಗೆ. ಸಲಹೆಗಾರನ ಮುಂದೆ ಕೂತು ತಂಗಿಯ ಹೆಸರಿನ ಸಾಲು ತೆಗೆಯಲು ಹೇಳಿದ. ಸಲಹೆಗಾರ ಕನ್ನಡಕ ತೆಗೆದು, ತಂಗಿ ತೀರಿಕೊಂಡರೇ ಅಂತ ಮೆಲ್ಲಗೆ ಕೇಳಿದ.

"ಆಕಿ ಅದಾಳ್ರಿ," ಅಂದ ಶಿವಯೋಗೆಪ್ಪ. "ನಾ ಇರ್ಲಿಲ್ಲ."

ಹಿಂದಿನ ರಿಟರ್ನುಗಳಲ್ಲಿ ತಿದ್ದಲು ಬರುವಷ್ಟನ್ನು ಬಡ್ಡಿ, ದಂಡ ಕಟ್ಟಿ ತಿದ್ದಿಸಿದ. ತಿದ್ದಲು ಅವಧಿ ಮೀರಿದ್ದವು ಹಾಗೇ ಉಳಿದವು. ಮಾಸಾಶನ ಮಂಜೂರಾಯಿತು. ಹಿಂದಿನ ಒಂಬತ್ತು ವರ್ಷದ್ದು ಬರುವುದಿಲ್ಲ ಅಂದರು.

ಇಲ್ಲಿ ನೀಲವ್ವ ಸತ್ತಳು ಅಂತ ಹೇಳಿ ನಿಮ್ಮ ಕಣ್ಣಲ್ಲಿ ನೀರು ತರಿಸುವುದು ನನಗೆ ಸುಲಭ. ಸಾಯಲಿಲ್ಲ. ಆ ವರ್ಷದ ಪಂಚಮಿಗೆ, ತವರಿಗೆ ಕರೆಯುವ ಹಬ್ಬವಲ್ಲವೇ, ಅಣ್ಣ ಅವಳನ್ನು ಕರೆಯಲು ಹೋದ. ಮೆಟ್ಟಿಲ ಮೇಲೆ ನಾನೇ ಎತ್ತಿಕೊಂಡು ಹೋಗುತ್ತೇನೆ ಅಂದ. ಅವಳು ಬರಲಿಲ್ಲ.

"ಮೊದಲ ಮೂರು ವರ್ಷ ಪಂಚಮಿ ಉಂಡಿ ಕಟ್ಟಿಟ್ಟು ಬಾಗಲದಾಗ ಕುಂತಿದ್ನಿ ಅಣ್ಣಾ, ನೀ ಕರಿಯಾಕ ಬರ್ತಿ ಅಂತ. ನಿನ್ನ ಮ್ಯಾಲೆ ಸಿಟ್ಟಿಲ್ಲ. ಆದ್ರ ಈಗ ಹೋಗೂ ರೂಢಿ ತಪ್ಪೇತಿ."

ಅವನು ತಂದಿದ್ದ ಹತ್ತನೆಯ ಪಾತ್ರೆಯನ್ನು ಅವಳು ಹಲಗೆಯ ಮೇಲೆ ಉಳಿದವುಗಳ ಪಕ್ಕಕ್ಕೆ ಇಟ್ಟಳು. ಅದೇ ಅಕ್ಷರ, ಅದೇ ಹೆಸರು. ಆ ಒಂಬತ್ತಕ್ಕೂ ಈ ಒಂದಕ್ಕೂ ಓಣಿಯವರಿಗೆ ಏನೂ ವ್ಯತ್ಯಾಸ ಕಾಣಲಿಲ್ಲ. ಅವನೊಬ್ಬನಿಗೆ ಕಂಡಿತು. ಈಗಲೂ ಪ್ರತಿ ಸಲ ಹೋದಾಗ ಕಾಣುತ್ತದೆ.

ಕಥೆ ಅಷ್ಟೇ. ಈಗ ನಿಮ್ಮ ಕಡೆ ತಿರುಗುತ್ತೇನೆ, ಎದ್ದು ಹೋಗಬೇಡಿ. ನೀವು ತೆರಿಗೆ ಕಟ್ಟದಷ್ಟು ಬಡವರಿರಬಹುದು, ರಿಟರ್ನ್ ತುಂಬದವರು ಇಲ್ಲಿ ಯಾರೂ ಇಲ್ಲ. ನನ್ನ ತಮ್ಮನನ್ನು ನಾನೇ ಓದಿಸಿದೆ, ಅತ್ತೆಯನ್ನು ನಾನೇ ನೋಡಿಕೊಂಡೆ, ಅಕ್ಕನಿಗೆ ಏನೂ ಕಡಿಮೆ ಮಾಡಿಲ್ಲ ಅಂತ ಕಟ್ಟೆಯ ಮೇಲೆ, ಮದುವೆಯ ಪಂಕ್ತಿಯಲ್ಲಿ ದಿನಾ ತುಂಬುತ್ತೀರಿ. ಊರು ನಂಬುತ್ತದೆ. ಯಾಕೆ ನಂಬುತ್ತದೆ ಗೊತ್ತೇ? ನಿಮ್ಮ ಮಾತಿನ ಬಲದಿಂದಲ್ಲ. ಎಲ್ಲೋ ಒಬ್ಬಳು ಬಾಯಿ ಮುಚ್ಚಿಕೊಂಡು, ತನ್ನ ಕೈಯಿಂದ ಖರ್ಚು ಮಾಡಿ, ನಿಮ್ಮ ಹೆಸರು ಉಳಿಸುತ್ತಿದ್ದಾಳೆ.

ಇವತ್ತು ಮನೆಗೆ ಹೋದವರೇ ತಿಜೋರಿ ತೆಗೆಯಿರಿ. ಅದರಲ್ಲಿ ಇನ್ನೊಬ್ಬರ ಕಾಗದ ಇದೆಯೇ ನೋಡಿ. ಅಕ್ಕನ ಪಾಸ್‌ಬುಕ್ಕು, ವಿಧವೆ ಅತ್ತಿಗೆಯ ಕಾರ್ಡು, ತಮ್ಮನ ಮಾರ್ಕ್ಸ್‌ಕಾರ್ಡು, ಜೋಪಾನ ಮಾಡುತ್ತೇನೆ ಅಂತ ಇಸಿದುಕೊಂಡದ್ದು. ಯಾರದೋ ಅವರಿಗೆ ಕೊಟ್ಟು ಬನ್ನಿ, ಹೇಳಿ ಕಳಿಸಬೇಡಿ, ನೀವೇ ಹೋಗಿ. ಮುಂದಿನ ಸಲ ಇಂಥವರನ್ನು ನಾನು ನೋಡಿಕೊಳ್ಳುತ್ತೇನೆ ಅಂತ ಕಾಗದದಲ್ಲಾಗಲಿ ಬಾಯಲ್ಲಾಗಲಿ ಬರುವ ಮೊದಲು, ಅವರ ಮನೆಯಲ್ಲಿ ಕಡೆಯ ಸಲ ನೀರು ಕುಡಿದದ್ದು ಯಾವಾಗ ಅಂತ ನೆನಪಿಸಿಕೊಳ್ಳಿ. ನೆನಪಾಗದಿದ್ದರೆ ಆ ಸಾಲು ಬರೆಯಬೇಡಿ.

ನಾಡಿದ್ದು ಪಂಚಮಿ. ಕರೆಯಬೇಕಾದವರನ್ನು ನಾಳೆಯೇ ಹೋಗಿ ಕರೆಯಿರಿ. ಅವರಿಗೆ ಇನ್ನೂ ಬರುವ ರೂಢಿ ಇದ್ದಾಗಲೇ ಕರೆಯಿರಿ.