ಆ ತುದಿಯಿಂದಲೂ ಓದಬೇಕು

ಸಭೆಯ ಅಧ್ಯಕ್ಷರೇ, ಪ್ರಾಚಾರ್ಯರೇ, ಶಾಲು ಹೊದಿಸಿಕೊಂಡು ಬೆವರುತ್ತ ಕುಳಿತಿರುವ ನನ್ನ ತಂಗಿಯ ಮಗಳು ಸುಧಾರಾಣಿಯೇ, ಎರಡನೆಯ ಸಾಲಿನಲ್ಲಿರುವ ಶಿರೋಳದ ವಿಶೇಷ ಅತಿಥಿಗಳೇ, ಅವರೇಕೆ ವಿಶೇಷ ಎಂಬುದನ್ನು ಕೊನೆಗೆ ಹೇಳುತ್ತೇನೆ, ಹಾಗೂ ಫ್ಯಾನಿನ ಕೆಳಗೆ ಜಾಗ ಹಿಡಿದ ಜಾಣ ಸಭಿಕರೇ,

ನಾನು ಹನಮಂತಪ್ಪ, ಗಜೇಂದ್ರಗಡದ ನೇಕಾರ. ರೋಣದ ಈ ಕಾಲೇಜಿನಲ್ಲಿ ಕಲಿತು ಧಾರವಾಡದಲ್ಲಿ ಎಂ.ಎಸ್ಸಿ. ಮುಗಿಸಿದ ಹುಡುಗಿಯ ಬಗ್ಗೆ, 2008ರ ಈ ವಾರ್ಷಿಕೋತ್ಸವದಲ್ಲಿ, ಎರಡು ಮಾತು ಹೇಳಿರಿ ಎಂದಿದ್ದಾರೆ. ಎರಡೇ ಮಾತಿನಲ್ಲಿ ಮುಗಿಸಿದ ನೇಕಾರನನ್ನು ನೀವು ಕಂಡಿದ್ದೀರಾ?

ಆಕೆ ಮಾಡಿದ್ದು ಒಂದು ಸಾಫ್ಟ್‌ವೇರು. ಕಡಲೆ ಗಿಡವನ್ನು ಸೊರಗಿಸುವ ಬೂಷ್ಟಿನೊಳಗೆ ನಾಲ್ಕೇ ಅಕ್ಷರದ ಉದ್ದನೆಯ ಬರಹ ಇರುತ್ತದಂತೆ. ಅದೇ ಡಿಎನ್‌ಎ. ಯಂತ್ರ ಅದನ್ನು ತುಂಡು ತುಂಡಾಗಿ ಓದಿ ರಾಶಿ ಹಾಕುತ್ತದೆ. ಓದು ಎಲ್ಲಿಂದ ಶುರುವಾಗಬೇಕೆಂದು ಮೊದಲೇ ಹಚ್ಚಿದ ಸಣ್ಣ ತುಣುಕಿಗೆ ಪ್ರೈಮರ್ ಎನ್ನುತ್ತಾರೆ. ಯಾವ ತುಂಡು ಯಾವ ಪ್ರೈಮರಿನದು ಎಂದು ಹೊಂದಿಸಿ ಕೊಡುವುದೇ ಈ ಸಾಫ್ಟ್‌ವೇರಿನ ಕೆಲಸ.

ಹೊಂದಿಸುವ ಕಷ್ಟ ನನಗೂ ಗೊತ್ತು. ಆಕೆಗೆ ವರ ಹುಡುಕುತ್ತಿರುವವನು ನಾನೇ ಅಲ್ಲವೇ? ರಾಜೂರಿನ ವರನ ಕುಂಡಲಿಯಲ್ಲಿ ಒಂದು ಗುಣ ಕಡಿಮೆ ಬಂತು, ಬಿಟ್ಟೆ. ನರಗುಂದದ ವರ ನಮ್ಮ ಸೀರೆ ಮುಟ್ಟಿ ನೋಡಿ, ಮಿಲ್ಲಿನದೇ ಎಂದು ಕೇಳಿದ, ಎದ್ದು ಬಂದೆ. ಶಿರೋಳದ ವರ ಮಾತಿಗೊಮ್ಮೆ ಗಂಟಲು ಸರಿಮಾಡಿಕೊಳ್ಳುತ್ತಾನೆಂದು ಬಿಟ್ಟಿದ್ದೆ. ಕೂದಲೆಳೆಯಷ್ಟೂ ವ್ಯತ್ಯಾಸ ಇರಬಾರದು ಎಂಬುದು ನನ್ನ ಹಟ.

ಕಳೆದ ದೀಪಾವಳಿಗೆ ಸುಧಾರಾಣಿ ನಮ್ಮ ನೇಕಾರ ಸಂಘದ ಕಂಪ್ಯೂಟರಿನ ಮುಂದೆ ಮುಖ ಬಾಡಿಸಿಕೊಂಡು ಕುಳಿತಿದ್ದಳು. "ಒಂದೂ ಹೊಂದವಲ್ದು ಮಾಮಾ. ಒಂದಕ್ಷರ ಹೆಚ್ಚುಕಮ್ಮಿ ಆದ್ರ ಬ್ಯಾಡ ಅಂತೈತಿ." ಮರುದಿನ ನಗುತ್ತ ಬಂದಳು. "ಯಂತ್ರಾನೂ ಓದೂ ಮುಂದ ತಪ್ಪತೈತಿ ಮಾಮಾ. ಒಂದೆರಡ ತಪ್ಪ ಮಾಫ್ ಮಾಡಂತ ಕಲಿಸಿದ್ನಿ, ಅರ್ಧ ರಾಶಿ ಹೊಂದ್ತು."

ನನ್ನ ಕಣ್ಣು ತೆರೆಯಿತು. ಶಿರೋಳದ ಗಂಟಲನ್ನು ನಾನೂ ಮಾಫ್ ಮಾಡಿದೆ. ಈಗ ತಾನೇ ಸರಿಮಾಡಿಕೊಂಡರು, ಕೇಳಿತು.

ಹೌದು, ಎರಡನೆಯ ಸಾಲಿನ ವಿಶೇಷ ಅತಿಥಿಗಳೆಂದರೆ ಆ ವರ ಮತ್ತು ಅವರ ಮನೆಯವರೇ. ಈ ಭಾಷಣದ ಕೊನೆಗೆ ಮದುವೆಯ ನಿಶ್ಚಯವನ್ನು ಸಾರುವುದೆಂದು ಮಾತಾಗಿದೆ. ಸೀರೆಯನ್ನೂ ತಂದಿದ್ದಾರೆ, ನಮ್ಮ ಮಗ್ಗದ್ದೇ. ಹೈದರಾಬಾದಿನಿಂದ ಆಕೆಗೆ ಸಂಶೋಧನೆಗೆ ಕರೆ ಬಂದಿದೆ. ಶಿರೋಳದವರಿಗೆ ಸೊಸೆ ಮನೆಯಲ್ಲಿರಬೇಕು. ಎರಡೂ ಆಗುವುದಿಲ್ಲ. ನಿಶ್ಚಯದ ಸಂಗತಿ ಸುಧಾರಾಣಿಗೆ ಗೊತ್ತಿರಲಿಲ್ಲ, ಈಗ ಗೊತ್ತಾಯಿತು. ಸುಧಾ, ಹಾರವನ್ನು ಹಾಗೆ ಹಿಂಡಬೇಡ.

ಆದರೆ ಉಳಿದರ್ಧ ರಾಶಿಯ ಗತಿ ಏನಾಯಿತು? ಯಂತ್ರ ಕೆಲವನ್ನು ಈ ತುದಿಯಿಂದ, ಕೆಲವನ್ನು ಆ ತುದಿಯಿಂದ ಓದಿತ್ತಂತೆ. ಹುಡುಕಿದ್ದು ಮಾತ್ರ ಒಂದೇ ತುದಿಯಿಂದ. ಆ ತುದಿಯಿಂದಲೂ ಹುಡುಕಿದ ಮೇಲೆ ರಾಶಿಯೆಲ್ಲ ಹೊಂದಿತು. ಬೆಳಿಗ್ಗೆ ಇದನ್ನೇ ಬಾಯಿಪಾಠ ಮಾಡುತ್ತಿದ್ದೆ. ನನ್ನ ಹೆಂಡತಿ ಬನಶಂಕರಿ ಕಂಡಿಕೆಗೆ ನೂಲು ಸುತ್ತುತ್ತ ಕೇಳಿದಳು: "ಹೌದ್ರೀ, ಹುಡುಗನ ಕಡೆಯಿಂದ ಎಲ್ಲಾ ನೋಡೀರಿ. ಹುಡುಗೀನ್ನ ಕೇಳೀರೇನು? ನನ್ನನ್ನಂತೂ ಯಾರೂ ಕೇಳಿದ್ದಿಲ್ಲ ಬಿಡ್ರಿ." ಆಕೆ ನಕ್ಕಳು. ನಾನೂ ನಕ್ಕೆ. ಆಮೇಲೆ ಬಸ್ಸಿನಲ್ಲಿ ರೋಣ ಬರುವವರೆಗೂ ನನಗೆ ನಗು ಬರಲಿಲ್ಲ.

ಸುಧಾ, ನಿನಗೇನು ಬೇಕು? ಬೇಡ, ಈಗ ಹೇಳಬೇಡ. ಇಷ್ಟು ಜನರ ಮುಂದೆ ಕೇಳಿದರೆ ಅದು ಕೇಳಿದಂತಲ್ಲ. ಮನೆಯಲ್ಲಿ ಕೇಳುತ್ತೇನೆ. ನೀನು ಹೈದರಾಬಾದ್ ಎಂದರೆ ಹೈದರಾಬಾದ್. ಶಿರೋಳದವರೇ, ಊಟ ಮಾಡಿಕೊಂಡೇ ಹೋಗಿರಿ. ಸೀರೆ ಮರಳಿ ಒಯ್ಯಬೇಕಾಗಿ ಬಂದರೆ ಚಿಂತೆ ಬೇಡ, ಅದು ಬಣ್ಣ ಬಿಡುವುದಿಲ್ಲ.

ಬಣ್ಣ ಎಂದಾಗ ನೆನಪಾಯಿತು. ಬನಶಂಕರಿ ಅಲ್ಲಿ ಕಂಬದ ಪಕ್ಕ ಕುಳಿತಿದ್ದಾಳೆ. ಮದುವೆಯಾದಾಗಿನಿಂದ ಆಕೆ ಉಟ್ಟದ್ದೆಲ್ಲ ನಾನು ನೇಯ್ದ ಸೀರೆ, ನಾನೇ ಆರಿಸಿದ ಬಣ್ಣ. ಆಕೆಗೆ ಯಾವ ಬಣ್ಣ ಸೇರುತ್ತದೆ ಎಂದು ನನಗೆ ಗೊತ್ತಿಲ್ಲ. ಅಂದರೆ ಮನೆಗೆ ಹೋಗಿ ಇಬ್ಬರನ್ನು ಕೇಳಬೇಕಾಯಿತು. ಹುಡುಗಿಯ ಉತ್ತರಕ್ಕೆ ನಾನು ಸಿದ್ಧನಿದ್ದೇನೆ. ಹೆಂಡತಿಯ ಉತ್ತರಕ್ಕೇ ಎದೆ ಹೊಡೆದುಕೊಳ್ಳುತ್ತಿದೆ.

ಮೈಕು ಕೊಟ್ಟ ಅಧ್ಯಕ್ಷರಿಗೂ, ಅದನ್ನು ಕಸಿದುಕೊಳ್ಳದ ಪ್ರಾಚಾರ್ಯರಿಗೂ ಧನ್ಯವಾದ. ಎಲ್ಲರಿಗೂ ನಮಸ್ಕಾರ.