ಯಾರೂ ಹೆದರಿಸಿಲ್ಲ

ಕೌಂಟಿ ಕೋರ್ಟಿನ ಮೊಗಸಾಲೆಯಲ್ಲಿ ಒಡೆಟ್ ತನ್ನ ಮಗನನ್ನು ಬೆಂಚಿನ ಮೇಲೆ ಪಕ್ಕದಲ್ಲಿ ಕೂರಿಸಿಕೊಂಡು ಅವನು ತಪ್ಪೊಪ್ಪಿಕೊಳ್ಳುವ ಸರದಿಗೆ ಕಾಯುತ್ತಿದ್ದಳು. ಅದೇ ಬೆಂಚಿನ ಇನ್ನೊಂದು ತುದಿಯಲ್ಲಿ ಅಕ್ಕನೊಬ್ಬಳು ತಮ್ಮನ ಟೈ ಬಿಗಿಯುತ್ತಾ ಪಿಸುಗುಡುತ್ತಿದ್ದಳು. ಟೈ ಯಾರದೋ ದಪ್ಪ ಮನುಷ್ಯನದು. ಹೊಟ್ಟೆ ದಾಟಿ ಇಳಿದಿತ್ತು.

"ಜಡ್ಜ್ ಕೇಳ್ತಾರೆ, ಯಾರಾದ್ರೂ ಹೆದರಿಸಿ ತಪ್ಪು ಒಪ್ಪಿಸ್ತಿದಾರಾ ಅಂತ. ಏನಂತೀಯ?"

"ಹೌದು ಅಂತೀನಿ. ಆ ಅಂಗಡಿ ದೋಚಿದ್ದು ನಾನಲ್ಲ ಅಕ್ಕ."

"ಇಲ್ಲ ಅನ್ಬೇಕು ಕಣೋ."

"ಒಪ್ಕೊಳ್ದೆ ವಿಚಾರಣೆಗೆ ಹೋದ್ರೆ ಹದಿನೈದು ವರ್ಷ ಹಾಕಿಸ್ತೀನಿ ಅಂದ್ರಲ್ಲ ಸರ್ಕಾರಿ ವಕೀಲರು. ಅದು ಹೆದರಿಸಿದ್ದಲ್ವಾ?"

"ಅದನ್ನ ಇಲ್ಲಿ ರಾಜಿ ಅಂತಾರೆ. ತಪ್ಪು ಒಪ್ಕೊಂಡ್ರೆ ಜೈಲಿಲ್ಲ, ಸಂಜೆ ಮನೇಲಿರ್ತೀಯ. ನಿಜ ಬಾಯ್ಬಿಟ್ಯೋ, ರಾಜಿ ಮುರಿದುಬೀಳುತ್ತೆ. ಹೇಳು, ಯಾರಾದ್ರೂ ಹೆದರಿಸಿದ್ರಾ?"

"ಇಲ್ಲ ಸ್ವಾಮಿ."

"ತಲೆ ಎತ್ತಿ ಹೇಳು."

"ನೀನು ಟೈ ಬಿಗಿದಿರೋದಕ್ಕೆ ಎತ್ತೋಕಾಗ್ತಿಲ್ಲ ಅಕ್ಕ."

ಒಳಗಿನಿಂದ ತಮ್ಮನ ಹೆಸರು ಕೂಗಿದರು. ಇಬ್ಬರೂ ಎದ್ದು ಹೋದರು. ಭಾರವಾದ ಬಾಗಿಲು ಅವರ ಹಿಂದೆ ಸದ್ದಿಲ್ಲದೆ ಮುಚ್ಚಿಕೊಂಡಿತು.

ಒಡೆಟ್ ಮಗನ ಕಾಲರು ಸರಿಮಾಡಿದಳು. ಆಮೇಲೆ ಅವನ ಮುಖ ನೋಡದೆ ಕೇಳಿದಳು:

"ಯಾರಾದ್ರೂ ಹೆದರಿಸಿದ್ರಾ ನಿನ್ನ?"