ಇವರಿಲ್ಲದಿದ್ದರೆ ಏನು ನಿಲ್ಲುತ್ತದೆ?

ಅಲ್ಲಾ, ಇದರಲ್ಲಿ ನಗುವಂಥದ್ದೇನಿದೆ ಕಣೇ? ಬೀಗದ ಕಾರ್ಖಾನೆಯಾದರೇನು, ಎಲ್ಲರನ್ನೂ ಒಂದೇ ದರ್ಜೆಯಲ್ಲಿ ಕೂರಿಸೋಕಾಗುತ್ತಾ? ಕೈಕೆಳಗೆ ಎಷ್ಟು ಜನ, ತಪ್ಪಾದರೆ ಎಷ್ಟು ನಷ್ಟ... ಹುದ್ದೆಯ ದರ್ಜೆ ಗೊತ್ತುಮಾಡೋಕೆ ಇವು ಎಲ್ಲ ಕಡೆಯೂ ಇರೋ ಅಳತೆಗಳು. ಮೂರನೆಯದು ಮಾತ್ರ ನನ್ನ ಸ್ವಂತದ್ದು! ಸಿಬ್ಬಂದಿ ವಿಭಾಗದಲ್ಲಿ ಇಷ್ಟು ವರ್ಷ ಕುರ್ಚಿ ಸವೆಸಿದ್ದು ಸುಮ್ಮನೆಯೇ? ‘ಈ ಹುದ್ದೆಯವನು ಒಂದು ವಾರ ಬಾರದಿದ್ದರೆ ಏನು ನಿಲ್ಲುತ್ತದೆ?’ ಅಷ್ಟೇ ಪ್ರಶ್ನೆ. ನಿರ್ದೇಶಕರು ಮೇಜು ತಟ್ಟಿಬಿಟ್ಟರು, ಗೊತ್ತಾ!

ಆ ಪಾತ್ರೆ ಆಮೇಲೆ ತೊಳಿ, ಇಲ್ಲಿ ಕೇಳು. ಮೊದಲು ಕುಲುಮೆಯವನನ್ನು ರಜೆಯ ಮೇಲೆ ಕಳಿಸಿದೆವು. ಮಧ್ಯಾಹ್ನದೊಳಗೆ ಎರಕ ಹೊಯ್ಯೋ ಕೆಲಸವೇ ನಿಂತುಹೋಯ್ತು! ಅವನು ಮೇಲಿನ ದರ್ಜೆಗೆ. ಆಮೇಲೆ ಪ್ಯಾಕಿಂಗ್ ಮೇಲ್ವಿಚಾರಕ... ಅದೇ, ಮೀಸೆಯವನು. ಹೋದ, ಬಂದ, ಒಂದು ನರಪಿಳ್ಳೆಯೂ ಕೇಳಲಿಲ್ಲ. ಕೆಳಗಿಳಿಸಿದೆವು. ಪಾಪ, ನನ್ನ ಮುಂದೆ ಕಣ್ಣೀರು ಹಾಕಿದ. ‘ಮನಸ್ಸಿಗೆ ಹಚ್ಚಿಕೊಳ್ಳಬೇಡಿ, ನಾವು ಅಳೆಯೋದು ಹುದ್ದೆಯನ್ನು, ಮನುಷ್ಯನನ್ನಲ್ಲ’ ಅಂದೆ... ಏನು? ಕಟುಕನೇ? ನಾನೇ? ತಕ್ಕಡಿಗೆ ಎಲ್ಲಾದರೂ ಕರುಳಿರುತ್ತಾ!

ನಾನು ಯಾಕೆ ಮನೆಯಲ್ಲಿದ್ದೇನೆ ಅಂತ ಎಷ್ಟು ಸಲ ಕೇಳ್ತೀಯ? ವಿಶ್ರಾಂತಿ, ವಿಶ್ರಾಂತಿ! ‘ಬಹಳ ದಣಿದಿದ್ದೀರಿ, ನೀವೂ ಒಂದು ವಾರ ರಜೆ ತಗೊಳ್ಳಿ’ ಅಂದರು ನಿರ್ದೇಶಕರು. ದೊಡ್ಡ ಮನಸ್ಸು ಅವರದು. ‘ನೀವೂ’ ಅಂದರೆ... ನೀವೂ, ಅಷ್ಟೇ! ಅದರಲ್ಲಿ ಏನು ಕೊಂಕು ಹುಡುಕ್ತೀಯ? ಆಫೀಸಿಂದ ಒಂದು ಫೋನೂ ಬರಲಿಲ್ಲ ಅಂತೀಯಾ? ಅದು ಗೌರವ ಕಣೇ, ಗೌರವ! ರಜೆಯಲ್ಲಿರೋ ಹಿರಿಯರಿಗೆ ತೊಂದರೆ ಕೊಡಬಾರದು ಅಂತ...

ಯಾಕೆ, ಪಾತ್ರೆ ಕೆಳಗಿಟ್ಟುಬಿಟ್ಟೆ?

ಬೈಯೋದಾದರೆ ಬೈ. ನಗೋದಾದರೆ ನಗು, ಆಗಿಂದ ನಗ್ತಾನೇ ಇದ್ದೆಯಲ್ಲ! ಹಾಗೆ ಮಾತ್ರ ನೋಡಬೇಡ ಕಣೇ...

ಹೌದು. ನಾಳೆ ಸಭೆ. ನನ್ನ ಹುದ್ದೆಯದ್ದೇ. ರಜೆ ನಾನು ಕೇಳಿದ್ದಲ್ಲ.

ತಡೆಯಲಾರದೆ ನಿನ್ನೆ ಮಧ್ಯಾಹ್ನ ಕಾರ್ಖಾನೆಯ ಕಡೆ ನಡೆದುಹೋದೆ. ನಾನಿಲ್ಲದೆ ಏನಾದರೂ ಒಂದು, ಯಾವುದಾದರೂ ಒಂದು ಸಣ್ಣ ಕೆಲಸವಾದರೂ ಕೆಟ್ಟು ನಿಂತಿರಲಿ ಅಂತ ದಾರಿಯುದ್ದಕ್ಕೂ ದೇವರನ್ನು ಬೇಡಿಕೊಂಡೆ. ವಾರವಿಡೀ ಮುಖ ತೋರಿಸದವನು ಗೇಟಿನ ಮುಂದೆ ಹೋಗಿ ನಿಂತಿದ್ದೇನೆ... ಕಾವಲುಗಾರ ಎದ್ದು, ಸಲಾಮು ಹೊಡೆದು, ಏನು ಕೇಳಿದ ಗೊತ್ತಾ?

‘ಏನ್ ಸಾರ್, ಇವತ್ತು ಇಷ್ಟು ಬೇಗ ಮನೆಗೆ ಹೊರಟುಬಿಟ್ರಾ?’